ಕಾರಿಗೆ ಹೆಸರಿಡೋದು ಪ್ರೀತಿನಾ, ಹುಚ್ಚಾ?

ಶಿವಮೊಗ್ಗದ ಸೀನ
ನಮ್ಮ ಆಫೀಸಿನಲ್ಲಿ ಅರ್ಧ ಜನ ತಮ್ಮ ಕಾರಿಗೆ ಹೆಸರಿಟ್ಟಿದ್ದಾರೆ. ಒಬ್ಬರದ್ದು ಗುಂಡ, ಇನ್ನೊಬ್ಬರದ್ದು ಚಿನ್ನಮ್ಮ. ಒಬ್ಬ ಹುಡುಗ ತನ್ನ ಬಿಳಿ ಕಾರಿಗೆ "ಇಡ್ಲಿ" ಅಂತ ಹೆಸರಿಟ್ಟು ಹಿಂದಿನ ಗಾಜಿಗೆ ಸ್ಟಿಕ್ಕರ್ ಬೇರೆ ಅಂಟಿಸಿದ್ದಾನೆ. "ಗುಂಡನಿಗೆ ಹುಷಾರಿಲ್ಲ, ಆಟೋದಲ್ಲಿ ಬಂದೆ" ಅಂತ ಮುಖ ಗಂಟು ಹಾಕಿಕೊಂಡೇ ಹೇಳುತ್ತಾರೆ. ಆರ್‌ಸಿಯಲ್ಲಿ ನಂಬರ್ ಇದೆ. ಕಂಪನಿಯವರು ಆಗಲೇ ಒಂದು ಹೆಸರು ಕೊಟ್ಟು ಕಳಿಸಿದ್ದಾರೆ. ಅದರ ಮೇಲೆ ಮತ್ತೊಂದು ಯಾಕೆ? ಫ್ರಿಜ್ಜು, ಮಿಕ್ಸಿಗೆ ಯಾರೂ ಹೆಸರಿಡಲ್ಲ ಅಲ್ವಾ? ಗೇಲಿ ಮಾಡೋಕೆ ಕೇಳುತ್ತಿಲ್ಲ, ನಿಜವಾಗಲೂ ಗೊತ್ತಾಗಬೇಕು.

ಲೆಕ್ಕದ ಮೇಷ್ಟ್ರು
ಇದರಲ್ಲಿ ತಿಳಿಯೋದು ಏನಿದೆ? ಇನ್‌ಸ್ಟಾಗ್ರಾಂ ರೋಗ. ಶೋರೂಮಿನ ಗೇಟು ದಾಟಿದ ದಿನವೇ ಬೆಲೆ ಇಳಿಯೋ ವಸ್ತು ಕಾರು. ಅದಕ್ಕೆ ನಾಮಕರಣ, ಹುಟ್ಟುಹಬ್ಬ, ಕೇಕು. ನಮ್ಮ ಅಪ್ಪ ಅಂಬಾಸಿಡರ್ ಓಡಿಸಿದರು. ಕೊನೆವರೆಗೂ ಅದನ್ನ "ಗಾಡಿ" ಅಂತಲೇ ಕರೆದರು. ಗಾಡಿಗೂ ಬೇಜಾರಾಗಲಿಲ್ಲ, ಅಪ್ಪನಿಗೂ ಬೇಜಾರಾಗಲಿಲ್ಲ.

ಗ್ರೀಸ್ ಕೈ
ಮೇಷ್ಟ್ರೇ, ನಾನು ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ನಾನು ನೋಡಿರೋದು ಬೇರೆ. ಹೊಸ ಕಾರಿನವರು ಬರುತ್ತಾರೆ, ಕೀ ಕೊಡುತ್ತಾರೆ, ಫೋನ್ ನೋಡುತ್ತಾ ಹೋಗುತ್ತಾರೆ. ಹೆಸರಿಟ್ಟು ಕರೆಯೋರು ಹೆಚ್ಚಾಗಿ ಹಳೇ ಗಾಡಿಯವರು. ಇನ್‌ಸ್ಟಾಗ್ರಾಂ ಹುಟ್ಟೋದಕ್ಕಿಂತ ಮುಂಚೆಯೇ ಹೆಸರಿಟ್ಟವರು.

ಕಾರಣ ಹೇಳುತ್ತೇನೆ. ಕಾರ್ಬುರೇಟರ್ ಇದ್ದ ಹಳೇ ಮಾರುತಿ 800 ಇದೆಯಲ್ಲ, ಚಳಿಗಾಲದ ಬೆಳಿಗ್ಗೆ ಅದನ್ನ ಎಬ್ಬಿಸೋದು ಒಂದು ಕಲೆ. ಚೋಕ್ ಎಳೀಬೇಕು. ಆಕ್ಸಿಲರೇಟರ್ ಒಂದೇ ಸಲ, ಹಗುರವಾಗಿ ಒತ್ತಬೇಕು. ಜಾಸ್ತಿ ಒತ್ತಿದರೆ ಪೆಟ್ರೋಲ್ ಓವರ್‌ಫ್ಲೋ ಆಗಿ ಪ್ಲಗ್ ಒದ್ದೆ ಆಗುತ್ತದೆ. ಆಮೇಲೆ ಪ್ಲಗ್ ಬಿಚ್ಚಿ, ಒರೆಸಿ, ಒಣಗಿಸಿ, ಮತ್ತೆ ಹಾಕು. ಸ್ಟಾರ್ಟ್ ಆದ ಮೇಲೂ ಚೋಕ್ ನಿಧಾನಕ್ಕೆ ಒಳಗೆ ತಳ್ಳಬೇಕು, ಇಲ್ಲಾಂದ್ರೆ ಕೆಮ್ಮಿ ಆಫ್ ಆಗುತ್ತದೆ. ಅಷ್ಟರಲ್ಲಿ ಮನುಷ್ಯ ಸುಮ್ಮನೆ ಕೂತಿರೋಕೆ ಆಗುತ್ತಾ? "ಬಾರಮ್ಮಾ, ಬಾ, ಇವತ್ತೊಂದಿನ ಮಾನ ಉಳಿಸು" ಅಂತ ಮಾತು ಶುರುವಾಗುತ್ತದೆ. ದಿನಾ ಮಾತಾಡಿದ ಮೇಲೆ ಹೆಸರು ತಾನಾಗೇ ಅಂಟುತ್ತದೆ. ಬಟನ್ ಒತ್ತಿದ ಕೂಡಲೇ ಸ್ಟಾರ್ಟ್ ಆಗೋ ಗಾಡಿ ಜೊತೆ ಮಾತಾಡೋಕೆ ಏನಿದೆ?

ಸತಾಯಿಸೋ ಗಾಡಿಗೇ ಹೆಸರು. ಇದು ನನ್ನ ಲೆಕ್ಕ.

ಓದುಗಿ
ಗ್ರೀಸ್ ಕೈ ಅಣ್ಣ, ನಿಮ್ಮ ಗ್ಯಾರೇಜಿನ ಮಾತಿಗೆ ಮನಃಶಾಸ್ತ್ರದಲ್ಲೂ ಆಧಾರ ಇದೆ. ನಿಕೋಲಸ್ ಎಪ್ಲೆ, ಆಡಮ್ ವೇಟ್ಜ್, ಜಾನ್ ಕಾಸಿಯೋಪ್ಪೊ ಅನ್ನೋ ಮೂವರು 2007ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಮನುಷ್ಯರಲ್ಲದ ವಸ್ತುವಿನಲ್ಲಿ ನಾವು ಯಾವಾಗ ಮನುಷ್ಯರನ್ನ ಕಾಣುತ್ತೇವೆ ಅನ್ನೋದು ಅವರ ಪ್ರಶ್ನೆ. ಆ ವಸ್ತು ಮುಂದೆ ಏನು ಮಾಡುತ್ತದೋ ಗೊತ್ತಾಗದೆ ಇದ್ದಾಗ, ಜೊತೆಗೆ ಯಾರಾದರೂ ಬೇಕು ಅನ್ನಿಸಿದಾಗ, ಮತ್ತೆ ಅದು ನೋಡೋಕೆ, ನಡೆದುಕೊಳ್ಳೋಕೆ ಸ್ವಲ್ಪ ನಮ್ಮ ಹಾಗೇ ಇದ್ದಾಗ. ಚೋಕ್ ಎಳೆದರೂ ಏಳದ 800 ಮೊದಲನೇದಕ್ಕೆ ಸರಿಯಾದ ಉದಾಹರಣೆ.

ಸೀನ ಅವರ ಫ್ರಿಜ್ಜಿನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಫ್ರಿಜ್ಜಿಗೆ ಮುಖ ಇಲ್ಲ. ಕಾರಿಗೆ ಇದೆ. ಎರಡು ಹೆಡ್‌ಲೈಟ್, ನಡುವೆ ಗ್ರಿಲ್, ಕೆಳಗೆ ಬಂಪರ್. ವಿಯೆನ್ನಾದ ಸಂಶೋಧಕರು ಕಾರುಗಳ ಮುಂಭಾಗ ತೋರಿಸಿ ಏನು ಕಾಣುತ್ತದೆ ಅಂತ ಜನರನ್ನ ಕೇಳಿದರು. 2008ರಲ್ಲಿ ಅದು ಪ್ರಕಟವಾಯಿತು. ಇದು ಸಿಟ್ಟಿನ ಕಾರು, ಇದು ಮಗುವಿನ ಮುಖ, ಇದು ದೊಡ್ಡವನ ಮುಖ ಅಂತ ಹೇಳೋದರಲ್ಲಿ ಜನ ಹೆಚ್ಚುಕಮ್ಮಿ ಒಮ್ಮತದಲ್ಲಿದ್ದರು. ಆಮೇಲೆ ಇಥಿಯೋಪಿಯಾದಲ್ಲೂ ಇದನ್ನೇ ಮಾಡಿ ನೋಡಿದರು. ಅಲ್ಲೂ ಹೆಚ್ಚುಕಮ್ಮಿ ಅದೇ ಉತ್ತರ ಬಂತು.

ಲೆಕ್ಕದ ಮೇಷ್ಟ್ರು
ಮುಖ ಇದ್ದ ಮಾತ್ರಕ್ಕೆ ಹೆಸರಾ? ಬಾಗಿಲಿಗೆ ಕಟ್ಟೋ ದೃಷ್ಟಿಗೊಂಬೆಗೂ ಮುಖ ಇದೆ, ಮೀಸೆ ಕೂಡ ಇದೆ. ಅದನ್ನ ಯಾರೂ ಗುಂಡ ಅನ್ನಲ್ಲ.

ಕಡಲ ಮಗ
ಮಾರಾಯ್ರೇ, ನೀವೆಲ್ಲ ಕಾರಿನಿಂದ ಶುರು ಮಾಡಿದ್ದೇ ತಪ್ಪು. ದೋಣಿಯಿಂದ ಶುರು ಮಾಡಿ. ಮಲ್ಪೆ ಬಂದರಿಗೆ ಬನ್ನಿ, ಹೆಸರಿಲ್ಲದ ಬೋಟು ಒಂದು ತೋರಿಸಿ ನೋಡುವಾ. ದೇವರ ಹೆಸರು, ಅಮ್ಮನ ಹೆಸರು, ಮಕ್ಕಳ ಹೆಸರು ಸೇರಿಸಿ ಮಾಡಿದ ಹೆಸರು. ನಂಬರ್ ಇಲ್ಲವಾ? ಇದೆ. ಮುಂಬೈ ದಾಳಿ ಆದ ಮೇಲೆ ನಂಬರ್, ಬಣ್ಣ ಎಲ್ಲ ಇನ್ನೂ ಬಿಗಿ ಮಾಡಿದರು. ಆದರೆ ಆಳಸಮುದ್ರದಲ್ಲಿ ರಾತ್ರಿ ವಯರ್‌ಲೆಸ್ ಹಿಡಿದು ಯಾರೂ ನಂಬರ್ ಓದಿಕೊಂಡು ಕೂರುವುದಿಲ್ಲ. ಗರಗರ ಶಬ್ದದಲ್ಲಿ ಒಂದು ಅಂಕಿ ಆಚೀಚೆ ಆದರೆ ಬೇರೆ ಬೋಟಿನವ ಉತ್ತರ ಕೊಡುತ್ತಾನೆ. ಹೆಸರು ಕೂಗಿದರೆ ಅರ್ಧ ಕೇಳಿದರೂ ಗೊತ್ತಾಗುತ್ತದೆ.

ಬಲೆ ಎಲ್ಲಿ ಹಾಕಿದಿರಿ, ಮೀನು ಉಂಟಾ, ಡೀಸೆಲ್ ಸಾಕಾ, ಎಲ್ಲ ಹೆಸರಿನ ಮೇಲೆಯೇ ನಡೆಯುವುದು. ನಮಗೆ ಇದು ಪ್ರೀತಿಯೂ ಅಲ್ಲ, ಹುಚ್ಚೂ ಅಲ್ಲ. ಕೆಲಸದ ಸಾಮಾನು.

ಇನ್ನೊಂದು ಹೇಳುತ್ತೇನೆ, ಇದನ್ನು ತಮಾಷೆಗೆ ತೆಗೆದುಕೊಳ್ಳಬೇಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ "ಸುವರ್ಣ ತ್ರಿಭುಜ" ಏಳು ಜನ ಮೀನುಗಾರರ ಸಮೇತ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಕಡಲಿನ ತಳದಲ್ಲಿ ಅದರ ಅವಶೇಷ ನೌಕಾಪಡೆಯವರಿಗೆ ಸಿಕ್ಕಿತು. ಆ ಬೋಟಿನ ನಂಬರ್ ಇವತ್ತು ಯಾರ ನೆನಪಲ್ಲಿ ಉಂಟು? ಹೆಸರು ಮಾತ್ರ ಇಡೀ ಕರಾವಳಿಗೆ ಗೊತ್ತು.

ಶಿವಮೊಗ್ಗದ ಸೀನ
ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಹೆಸರು ಗಾಡಿಗೋಸ್ಕರ ಅಲ್ಲ, ಗಾಡಿಯ ಬಗ್ಗೆ ಮಾತಾಡೋ ಜನರಿಗೋಸ್ಕರ ಅಂತ ಆಯಿತು.

ಕಡಲ ಮಗ
ಮತ್ತೆ? ನಮ್ಮ ಊರಿನ ಬಸ್ಸು ನೋಡಿ. ಮಂಗಳೂರು, ಉಡುಪಿ ಕಡೆ ಖಾಸಗಿ ಬಸ್ಸಿಗೆಲ್ಲ ಹೆಸರು ಉಂಟು. "ಎಂಟು ಇಪ್ಪತ್ತರ ಗಣೇಶ ಹೋಯಿತಾ?" ಅಂತ ಸ್ಟಾಪಿನಲ್ಲಿ ಅಜ್ಜಿ ಕೇಳುತ್ತಾರೆ. ರೂಟ್ ನಂಬರ್ ಕೇಳಿದರೆ ಅವರಿಗೆ ಗೊತ್ತಿಲ್ಲ.

ಹೈವೇ ರಾಜ
ಕಡಲ ಮಗ ಅವರ ಮಾತು ದೋಣಿಗೆ ಸರಿ, ಲಾರಿಗೆ ಪೂರ್ತಿ ಸರಿ ಇಲ್ಲ. ನಾವು ಲಾರಿ ಮೇಲೆ ಹಣೆಯಲ್ಲಿ "ಶ್ರೀ ಮಂಜುನಾಥ ಪ್ರಸನ್ನ" ಅಂತ ಬರೆಸುತ್ತೇವೆ. ಹಿಂದೆ "ತಾಯಿಯ ಆಶೀರ್ವಾದ". ಆದರೆ ಆಫೀಸಿನಲ್ಲಿ ಕೂತು ಮಾತಾಡೋದು ನಂಬರಿನಲ್ಲಿ. "ನಲವತ್ತೇಳು ಎಲ್ಲಿದೆ? ಹಿರಿಯೂರು ದಾಟಿತಾ? ಹನ್ನೆರಡಕ್ಕೆ ಟೈರ್ ಹಾಕಿಸಿದ್ರಾ?" ನಂಬರಿನ ಕೊನೇ ಎರಡು ಅಂಕಿಯೇ ಹೆಸರು. ಡ್ರೈವರಿಗೂ ಅದೇ ಹೆಸರು ಬೀಳುತ್ತದೆ. ನಮ್ಮಲ್ಲಿ ಒಬ್ಬ ಡ್ರೈವರನ್ನ ಎಲ್ಲರೂ "ಎಂಬತ್ತಾರು" ಅಂತಲೇ ಕರೆಯೋದು. ಆ ಲಾರಿ ಗುಜರಿಗೆ ಹೋದರೂ ಅವನು ಎಂಬತ್ತಾರೇ.

ಅದಕ್ಕೇ ಹೇಳುತ್ತೇನೆ, ನಂಬರಿಗೆ ಜೀವ ಇಲ್ಲ ಅನ್ನಬೇಡಿ. ಫ್ಯಾನ್ಸಿ ನಂಬರಿಗೆ ಆರ್‌ಟಿಓ ಹರಾಜಿನಲ್ಲಿ ಲಕ್ಷ ಲಕ್ಷ ಸುರಿಯೋರು ಇದ್ದಾರಲ್ಲ, ಅವರು ಕೊಂಡುಕೊಳ್ಳೋದು ಏನು? ಹೆಸರನ್ನೇ.

ಕರಿನೆಲ
ನಮಸ್ಕಾರ್ರಿ ಎಲ್ಲರಿಗೂ. ವಿಜಯಪುರದ ಕಡೆಯವನು ನಾನು. ದೋಣಿ ಬಂತು, ಲಾರಿ ಬಂತು, ಎತ್ತು ಯಾಕೆ ಬರಲಿಲ್ಲ? ನಮ್ಮಪ್ಪನ ಜೋಡೆತ್ತು ರಾಮ, ಲಕ್ಷ್ಮಣ. ಅದಕ್ಕೂ ಮೊದಲಿನವು ಕೆಂದ, ಹಂಡ. ಎತ್ತಿಗೆ ಹೆಸರು ಇಡಲೇಬೇಕು ರೀ, ಬ್ಯಾರೆ ದಾರಿ ಇಲ್ಲ. ಎರಡರ ಹೆಗಲ ಮೇಲೂ ಒಂದೇ ನೊಗ. ಎಡಗಡೆಯದು ಹಿಂದೆ ಬಿದ್ದರೆ ಅದನ್ನೊಂದನ್ನೇ ಕೂಗಬೇಕು. "ಹೇ ರಾಮಾ" ಅಂದರೆ ರಾಮ ಮಾತ್ರ ಬಿರುಸಾಗಬೇಕು, ಲಕ್ಷ್ಮಣ ಅಲ್ಲ. ಇಬ್ಬರಿಗೂ ಬಾರುಕೋಲು ಝಳಪಿಸಿದರೆ ಸಾಲು ಸೊಟ್ಟ ಆಗುತ್ತದೆ.

ಈಗ ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಕಿವಿ ಇಲ್ಲ. ಹೆಸರು ಕೂಗಿದರೆ ಓಡೋದಿಲ್ಲ. ಆದರೂ ಟ್ರೇಲರ್ ಮೇಲೆ ಹೆಸರು ಬರೆಸಿದ್ದೇವೆ, ಹೂವಿನ ಚಿತ್ರ ಬಿಡಿಸಿದ್ದೇವೆ. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದ ಕೈ ಖಂಡೇ ನವಮಿಗೆ ಟ್ರ್ಯಾಕ್ಟರ್ ಬಾನೆಟ್ಟಿಗೆ ವಿಭೂತಿ ಹಚ್ಚುತ್ತದೆ. ದುಡಿದು ಹಾಕೋ ಜೀವಕ್ಕೆ ಹೆಸರಿಡೋ ರೂಢಿ ಇತ್ತು. ಜೀವ ಹೋದರೂ ರೂಢಿ ಉಳಿಯಿತು. ಇನ್‌ಸ್ಟಾಗ್ರಾಂ ಎಲ್ಲಿಂದ ಬಂತು ಮೇಷ್ಟ್ರೇ ಇದರಲ್ಲಿ?

ಲೆಕ್ಕದ ಮೇಷ್ಟ್ರು
ಕರಿನೆಲ ಅವರೇ, ನೀವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಎತ್ತಿಗೆ ಕಿವಿ ಇದೆ, ಬೋಟಿಗೆ ವಯರ್‌ಲೆಸ್ ಇದೆ, ಬಸ್ಸಿಗೆ ಕಾಯೋ ಜನ ಇದ್ದಾರೆ. ಎಲ್ಲ ಕಡೆ ಹೆಸರಿಗೆ ಕೆಲಸ ಇದೆ. ನನ್ನ ಪ್ರಶ್ನೆ ಆಫೀಸಿನ ಪಾರ್ಕಿಂಗಿನಲ್ಲಿ ದಿನವಿಡೀ ನಿಂತಿರೋ ಕಾರಿನದು. ಅದನ್ನ ಯಾರೂ ಕೂಗಬೇಕಾಗಿಲ್ಲ. ಓನರ್ ಒಬ್ಬರೇ, ಡ್ರೈವರ್ ಒಬ್ಬರೇ. ಅಲ್ಲಿ ಹೆಸರಿನ ಕೆಲಸ ಏನು? ಇದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಘಾಟಿ ಗೆಳತಿ
ನಾನು ಕೊಡುತ್ತೇನೆ ಸರ್. ನನ್ನ ಕಾರಿನ ಹೆಸರು ಕೆಂಪಿ. ಸ್ಟಿಕ್ಕರ್ ಇಲ್ಲ, ಫೋಟೋ ಹಾಕಿಲ್ಲ, ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ಶೋಕಿ ಅನ್ನೋ ಮಾತು ನನಗೆ ತಾಗಲ್ಲ.

ನನ್ನ ಹೆಸರು ಅಜ್ಜಿ ಇಟ್ಟರು. ಮನೆಯ ಹೆಸರು ಮಾವ ಇಟ್ಟರು. ಮಗ ಹುಟ್ಟಿದಾಗ ಜ್ಯೋತಿಷಿ ಒಂದು ಅಕ್ಷರ ಕೊಟ್ಟರು, ಆ ಅಕ್ಷರದಲ್ಲಿ ಮನೆಯವರೆಲ್ಲ ಸೇರಿ ಒಂದು ಹೆಸರು ಹುಡುಕಿದರು. ನನಗೆ ಇಷ್ಟವಾದ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ದನಕ್ಕೆ ಅತ್ತೆ ಹೆಸರಿಟ್ಟರು. ನಾನೇ ಲೋನ್ ಕಟ್ಟಿ ತಗೊಂಡ, ನನ್ನ ಹೆಸರಿನಲ್ಲೇ ಆರ್‌ಸಿ ಇರೋ ಮೊದಲ ವಸ್ತು ಈ ಕಾರು. ನಾನೇ ಆರಿಸಿ, ಯಾರನ್ನೂ ಕೇಳದೆ ಇಟ್ಟ ಹೆಸರೂ ಇದೊಂದೇ. ಕೆಲಸ ಏನು ಅಂತ ಕೇಳಿದಿರಲ್ಲ, ಇದೇ ಕೆಲಸ.

ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಮುಂದಿನ ತಿರುವು ಕಾಣಲ್ಲ. ಎಡಗಡೆ ಬಿಳಿ ಗೆರೆ ಒಂದೇ ಆಸರೆ. ಎದುರಿನಿಂದ ಬರೋ ಬಸ್ಸಿನ ಲೈಟು ಹಳದಿ ಕಲೆ ಥರ ಕಾಣಿಸಿದಾಗ ನಾನು ಎರಡನೇ ಗೇರಿಗೆ ಬಂದು "ನಿಧಾನ ಕೆಂಪಿ, ನಿಧಾನ" ಅನ್ನುತ್ತೇನೆ. ಹೇಳಿಕೊಳ್ಳೋದು ನನಗೇ ಅಂತ ನನಗೂ ಗೊತ್ತು. ಅದರಿಂದ ಕಾಲು ಬ್ರೇಕಿನ ಮೇಲೆ ಗಾಬರಿಯಿಂದ ಬೀಳೋದು ತಪ್ಪುತ್ತದೆ. ಅಷ್ಟು ಸಾಕಲ್ವಾ?

ಕರಿನೆಲ
ಅಕ್ಕಾರ ಮಾತು ಖರೇ ಐತಿ.

ಲೆಕ್ಕದ ಮೇಷ್ಟ್ರು
ಮೇಡಂ, ನಿಮ್ಮ ಮಾತಿಗೆ ಎದುರಾಡಲ್ಲ. ಆದರೆ ಎಲ್ಲರ ಕಥೆ ನಿಮ್ಮದಲ್ಲ. "ಇಡ್ಲಿ" ಅಂತ ಸ್ಟಿಕ್ಕರ್ ಅಂಟಿಸಿದವನಿಗೆ ಇಷ್ಟು ಆಳದ ಕಾರಣ ಇರುತ್ತದೆ ಅಂತ ನನಗೆ ಅನ್ನಿಸಲ್ಲ.

ಇಡ್ಲಿ ಓನರ್
ಸಾರ್, ಯಾರೋ ಲಿಂಕ್ ಕಳಿಸಿದರು. ಸೀನಣ್ಣ ಯಾರು ಅಂತ ಗೊತ್ತಾಯಿತು, ಸೋಮವಾರ ಕ್ಯಾಂಟೀನಿನಲ್ಲಿ ಸಿಗಿ. ಆಳದ ಕಾರಣ ಇಲ್ಲ ಅನ್ನೋದು ನಿಜ. ನಮ್ಮ ಪಾರ್ಕಿಂಗಿನಲ್ಲಿ ನನ್ನದೇ ಮಾಡೆಲ್, ನನ್ನದೇ ಬಿಳಿ ಬಣ್ಣದ ಕಾರು ಸಾಲಾಗಿ ನಿಂತಿರುತ್ತವೆ. ಎಷ್ಟೋ ಸಲ ಬೇರೆಯವರ ಕಾರಿನ ಬಾಗಿಲು ಎಳೆದು ಅಲಾರಂ ಹೊಡೆಸಿದ್ದೇನೆ. ಅದಕ್ಕೆ ಒಂದು ಗುರುತು ಬೇಕಿತ್ತು. ಬಿಳಿಯಾಗಿ, ಉಬ್ಬಿಕೊಂಡು ಇದೆಯಲ್ಲ ಅಂತ ಇಡ್ಲಿ ಅಂದೆ. ಅಷ್ಟೇ ಸಾರ್.

ಶಿವಮೊಗ್ಗದ ಸೀನ
ತಮ್ಮಾ, ಕಾಫಿ ನನ್ನ ಲೆಕ್ಕ.

ಮಿಷಿಗನ್ ಮಾವ
ಕಾರಿನ ಊರಲ್ಲೇ ಇದ್ದೇನೆ, ಹಾಗಾಗಿ ಎರಡು ಮಾತು. ಇಲ್ಲಿ ಇದು ಬಹಳ ಮಾಮೂಲು. ಟೆಸ್ಲಾದಲ್ಲಂತೂ ಕಾರಿಗೆ ಹೆಸರು ಹಾಕೋಕೆ ಸೆಟ್ಟಿಂಗಿನಲ್ಲೇ ಜಾಗ ಇದೆ, ಆ್ಯಪ್ ತೆಗೆದರೆ ಅದೇ ಹೆಸರು ಕಾಣಿಸುತ್ತದೆ. ಸತಾಯಿಸೋ ಗಾಡಿಗೆ ಮಾತ್ರ ಹೆಸರು ಅನ್ನೋ ಗ್ರೀಸ್ ಕೈ ಅವರ ಲೆಕ್ಕ ಇಲ್ಲಿ ಸ್ವಲ್ಪ ತಪ್ಪುತ್ತದೆ. ಬಟನ್ ಒತ್ತಿದ ಕೂಡಲೇ ಹೊರಡೋ ಗಾಡಿಗೂ ಹೆಸರಿದೆ.

ಕಂಪನಿಯವರ ಕಥೆ ಇನ್ನೂ ಸೊಗಸು. ಎಮಿಲ್ ಯೆಲಿನೆಕ್ ಅನ್ನೋ ವ್ಯಾಪಾರಿ ಡೈಮ್ಲರ್ ಕಂಪನಿಯ ಕಾರು ಮಾರುತ್ತಿದ್ದ. ಮಗಳ ಹೆಸರು ಮರ್ಸಿಡಿಸ್. ಆ ಹೆಸರಲ್ಲೇ ರೇಸಿಗೆ ಇಳಿದ, 1901ರ ಹೊಸ ಕಾರಿಗೂ ಅದೇ ಹೆಸರು ಹಾಕಿಸಿದ. ಅದು ಎಷ್ಟು ಹೆಸರಾಯಿತು ಅಂದರೆ 1903ರಲ್ಲಿ ತನ್ನ ಹೆಸರನ್ನೇ ಯೆಲಿನೆಕ್-ಮರ್ಸಿಡಿಸ್ ಅಂತ ಬದಲಾಯಿಸಿಕೊಂಡ. ಮಗಳ ಹೆಸರು ಕಾರಿಗೆ ಹೋಗಿ, ಕಾರಿನಿಂದ ಅಪ್ಪನಿಗೆ ಬಂತು. ನಮ್ಮ ಬೆಂಗಳೂರಿನ ರೇವಾ ಕೂಡ ಹಾಗೇ. 2001ರಲ್ಲಿ ಬಂದ ಆ ಪುಟ್ಟ ಎಲೆಕ್ಟ್ರಿಕ್ ಕಾರಿಗೆ ಚೇತನ್ ಮೈನಿಯವರ ತಾಯಿಯ ಹೆಸರು. ಲಂಡನ್ನಿಗೆ ಹೋದಾಗ ಅಲ್ಲಿ ಅದನ್ನ ಜಿ-ವಿಜ್ ಅಂತ ಮಾರಿದರು.

ತಾಯಿಯ ಹೆಸರು ಅಂದ ಕೂಡಲೇ ಕಣ್ಣೀರು ಹಾಕಬೇಡಿ. 1945ರ ಆಗಸ್ಟ್ 6ರಂದು ಹಿರೋಷಿಮಾ ಮೇಲೆ ಬಾಂಬ್ ಹಾಕಿದ ವಿಮಾನ ಎನೋಲಾ ಗೇ. ಪೈಲಟ್ ಪಾಲ್ ಟಿಬೆಟ್ಸ್ ತನ್ನ ತಾಯಿಯ ಹೆಸರನ್ನ ಹಿಂದಿನ ದಿನವೇ ಅದರ ಮೂಗಿನ ಹತ್ತಿರ ಬರೆಸಿದ್ದ. ಹೆಸರಿಟ್ಟವರೆಲ್ಲ ಮೃದು ಮನಸ್ಸಿನವರು ಅನ್ನೋ ಹಾಗೇನೂ ಇಲ್ಲ.

ಹೈವೇ ರಾಜ
ನಮ್ಮ ದೇಶದವೂ ಸೇರಿಸಿ. ಬಜಾಜ್ ಚೇತಕ್ ಅಂದರೆ ರಾಣಾ ಪ್ರತಾಪನ ಕುದುರೆ. ಮಾರುತಿ ಅಂದರೆ ಹನುಮಂತ. 1974ರಲ್ಲಿ ಫಿಯೆಟ್ ಹೋಗಿ ಪ್ರೀಮಿಯರ್ ಪದ್ಮಿನಿ ಅಂತಾಯಿತು, ರಾಣಿಯ ಹೆಸರು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಡಾಟ 2023ರ ಅಕ್ಟೋಬರಿನಲ್ಲಿ ಪೂರ್ತಿ ನಿಂತಾಗ ಪೇಪರಿನಲ್ಲಿ ಬೀಳ್ಕೊಡುಗೆ ಬರೆದದ್ದೇ ಬರೆದದ್ದು.

ಬಸ್ಸಿನ ಹುಚ್ಚ
ಸರ್ಕಾರಿ ಬಸ್ಸು ಬಿಟ್ಟರೆ ಹೇಗೆ? ಕೆಎಸ್‌ಆರ್‌ಟಿಸಿಯಲ್ಲಿ ರಾಜಹಂಸ, ಐರಾವತ, ಅಂಬಾರಿ, ಅಶ್ವಮೇಧ, ಪಲ್ಲಕ್ಕಿ. ಬೆಂಗಳೂರಿನಲ್ಲಿ ವಜ್ರ, ಏರ್‌ಪೋರ್ಟಿಗೆ ವಾಯು ವಜ್ರ. ಒಂದೊಂದೂ ಕಿವಿಗೆ ಇಂಪು. ಆದರೆ ಇವು ಗುಂಡ, ಕೆಂಪಿಯ ಹಾಗಲ್ಲ. ಐರಾವತ ಅಂದರೆ ಒಂದು ಬಸ್ಸಲ್ಲ, ಒಂದು ದರ್ಜೆ. ಟಿಕೆಟ್ ದರದ ಇನ್ನೊಂದು ಹೆಸರು ಅಂತಲೂ ಹೇಳಬಹುದು. ಸ್ಲೀಪರ್ ಬಸ್ಸಿಗೆ ಪಲ್ಲಕ್ಕಿ ಅಂತ ಯೋಚಿಸಿದವರಿಗೆ ಮಾತ್ರ ನನ್ನದೊಂದು ಸಲಾಂ. ಮಲಗಿಕೊಂಡು ಹೋಗೋಕೆ ಅದಕ್ಕಿಂತ ಒಳ್ಳೆ ಹೆಸರು ಸಿಗಲ್ಲ.

ರೈಲಿನ ಹೆಸರಿನಲ್ಲಿ ಬೇರೆಯೇ ಆಟ. 2022ರಲ್ಲಿ ಮೈಸೂರು-ಬೆಂಗಳೂರು ಟಿಪ್ಪು ಎಕ್ಸ್‌ಪ್ರೆಸ್ ಹೋಗಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು, ತಾಳಗುಪ್ಪ ರೈಲು ಕುವೆಂಪು ಎಕ್ಸ್‌ಪ್ರೆಸ್ ಆಯಿತು. ಹಳಿ ಅದೇ, ರೈಲು ಅದೇ, ಜಗಳ ಮಾತ್ರ ಹೊಸದು. ಅದರಲ್ಲೂ ಟಿಪ್ಪು ಹೆಸರು ತೆಗೆದದ್ದು

ನಿರ್ವಾಹಕರು
ರೈಲಿನ ರಾಜಕೀಯ ಇಲ್ಲಿ ಬೇಡ. ಬಸ್ಸಿನ ಹುಚ್ಚ ಅವರ ಕಾಮೆಂಟಿನ ಉಳಿದ ಭಾಗ, ಅದರ ಕೆಳಗಿದ್ದ ಉತ್ತರಗಳು ತೆಗೆಯಲಾಗಿದೆ. ಕಾರಿಗೆ ವಾಪಸ್ ಬನ್ನಿ.

ಓದುಗಿ
ವಾಪಸ್ ಬರೋಣ. ಟೆಸ್ಲಾ ಮಾತು ಬಂದದ್ದರಿಂದ ಒಂದು ಪ್ರಯೋಗ ನೆನಪಾಯಿತು. ಮೊದಲು ಹೇಳಿದ ವೇಟ್ಜ್, ಎಪ್ಲೆ ಇಬ್ಬರೂ ಇನ್ನೊಬ್ಬರ ಜೊತೆ ಸೇರಿ 2014ರಲ್ಲಿ ಪ್ರಕಟಿಸಿದ್ದು. ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಜನರನ್ನ ಕೂರಿಸಿದರು. ಕೆಲವರು ತಾವೇ ಓಡಿಸಿದರು. ಕೆಲವರಿಗೆ ತಾನಾಗೇ ಓಡೋ ಕಾರು. ಇನ್ನು ಕೆಲವರಿಗೆ ಅದೇ ತಾನಾಗೇ ಓಡೋ ಕಾರು, ಆದರೆ ಅದಕ್ಕೆ ಐರಿಸ್ ಅಂತ ಹೆಸರು, ಹೆಣ್ಣಿನ ದನಿ. ಐರಿಸ್ ಜೊತೆ ಕೂತವರು ಕಾರನ್ನ ಜಾಸ್ತಿ ನಂಬಿದರು. ಆಮೇಲೆ ತಪ್ಪಿಸೋಕೆ ಆಗದ ಒಂದು ಅಪಘಾತ ಮಾಡಿಸಿದರು, ಅಂದರೆ ಬೇರೆ ಗಾಡಿ ಬಂದು ಗುದ್ದಿದ ಹಾಗೆ. ಹೆಸರಿಲ್ಲದ ಕಾರಿಗಿಂತ ಐರಿಸ್ ಮೇಲೆ ಜನ ಕಡಿಮೆ ತಪ್ಪು ಹೊರಿಸಿದರು.

ಇದು ನನಗೆ ಸ್ವಲ್ಪ ಭಯ ಹುಟ್ಟಿಸುತ್ತದೆ. ಘಾಟಿ ಗೆಳತಿ ಇಟ್ಟ ಹೆಸರು ಅವರದ್ದು. ಕಂಪನಿಯವರು ಹೆಸರು, ದನಿ ಎಲ್ಲ ಕೊಟ್ಟು ಕಳಿಸಿದರೆ ನಾವು ಸುಮ್ನೆ ನಂಬಿ ಬಿಡುತ್ತೇವೆ. ಕಾರಿನಲ್ಲಿ ಏನೂ ಬದಲಾಗಿರಲ್ಲ, ಬ್ರೇಕ್ ಅದೇ, ಕ್ಯಾಮೆರಾ ಅದೇ.

ಲೆಕ್ಕದ ಮೇಷ್ಟ್ರು
ಈಗ ಸರಿಯಾದ ಮಾತು ಬಂತು. ಹೆಸರಿಟ್ಟರೆ ಬುದ್ಧಿ ಮಂಕಾಗುತ್ತದೆ ಅಂತ ನೀವೇ ಹೇಳಿದ ಹಾಗಾಯಿತು. ದುಡ್ಡಿನ ವಿಷಯದಲ್ಲಿ ಏನಾದರೂ ಓದಿದ್ದೀರಾ?

ಓದುಗಿ
ಓದಿದ್ದೇನೆ ಮೇಷ್ಟ್ರೇ, ನಿಮಗೆ ಖುಷಿಯಾಗುತ್ತದೆ. ಚಾಂಡ್ಲರ್, ಶ್ವಾರ್ಜ್ ಅನ್ನೋ ಇಬ್ಬರು 2010ರಲ್ಲಿ ಪ್ರಕಟಿಸಿದ ಕೆಲಸ, ಕಾರಿನ ಮೇಲೆಯೇ. ಕಾರನ್ನ ಒಬ್ಬ ವ್ಯಕ್ತಿ ಅನ್ನೋ ಹಾಗೆ ಯೋಚಿಸಿದವರು ಅದನ್ನ ಬದಲಾಯಿಸೋಕೆ ಹಿಂದೇಟು ಹಾಕಿದರು. ಬದಲಾಯಿಸಬೇಕಾ ಬೇಡವಾ ಅಂತ ನಿರ್ಧರಿಸುವಾಗ ಗಾಡಿ ಎಷ್ಟು ಚೆನ್ನಾಗಿ ಓಡುತ್ತದೆ ಅನ್ನೋದಕ್ಕೂ ಅವರು ಅಷ್ಟು ಬೆಲೆ ಕೊಡಲಿಲ್ಲ.

ಲೆಕ್ಕದ ಮೇಷ್ಟ್ರು
ಕೇಳಿದಿರಾ ಎಲ್ಲರೂ? ಹದಿನೈದು ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ. ಐದು ವರ್ಷಕ್ಕೊಮ್ಮೆ ನವೀಕರಣ, ಎಫ್‌ಸಿ, ಹಸಿರು ತೆರಿಗೆ, ಮೇಲೆ ರಿಪೇರಿ. ಚಿನ್ನಮ್ಮನ ಮೇಲಿನ ಮಮತೆಗೆ ಇಷ್ಟೆಲ್ಲ ಕಟ್ಟಬೇಕು.

ಗ್ರೀಸ್ ಕೈ
ಮೇಷ್ಟ್ರ ಮಾತಲ್ಲಿ ಅರ್ಧ ಸತ್ಯ ಇದೆ. ಇಂಜಿನ್ ಬೋರ್ ಮಾಡಿಸೋ ಖರ್ಚು ಗಾಡಿಯ ಬೆಲೆಗಿಂತ ಜಾಸ್ತಿ ಆಗುತ್ತದೆ ಅಂತ ಎಷ್ಟು ಹೇಳಿದರೂ "ಇಲ್ಲ, ಮಾಡಿ" ಅನ್ನೋರು ಇದ್ದಾರೆ. ನಾನೂ ಮಾಡುತ್ತೇನೆ, ನನ್ನ ಹೊಟ್ಟೆಪಾಡು.

ಇನ್ನರ್ಧ ನಾನು ಹೇಳುತ್ತೇನೆ. ಹೆಸರಿಟ್ಟವರು ಶಬ್ದ ಬಂದ ಮರುದಿನವೇ ಗ್ಯಾರೇಜಿಗೆ ಬರುತ್ತಾರೆ. "ಎಡಗಡೆ ಮುಂದೆ ಟಕ್ ಟಕ್ ಅಂತಿದೆ, ತಿರುಗಿಸುವಾಗ ಮಾತ್ರ" ಅಂತ ಸರಿಯಾಗಿ ಹೇಳುತ್ತಾರೆ. ನೋಡಿದರೆ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿಸೋ ಕೀಲು, ಅದರ ಮೇಲಿನ ರಬ್ಬರ್ ಬೂಟು ಹರಿದಿರುತ್ತದೆ, ಗ್ರೀಸ್ ಹೊರಗೆ ಚೆಲ್ಲಿರುತ್ತದೆ. ಬೇಗ ಬಂದರೆ ಬೂಟು ಬದಲಾಯಿಸಿ ಗ್ರೀಸ್ ತುಂಬಿದರೆ ಮುಗಿಯಬಹುದು. "ಗಾಡಿ" ಅನ್ನೋರು ಜಾಯಿಂಟ್ ಪೂರ್ತಿ ಕಿತ್ತು ಹೋಗಿ, ಟೋಯಿಂಗ್ ಮಾಡಿಸಿಕೊಂಡು ಬರುತ್ತಾರೆ. ಆಗ ಬಿಲ್ಲು ನೋಡಿ ನನ್ನನ್ನೇ ಬೈಯುತ್ತಾರೆ.

ಘಾಟಿ ಗೆಳತಿ
ಮೇಷ್ಟ್ರೇ, ಒಂದು ಪ್ರಶ್ನೆ. ನಿಮ್ಮ ಮನೆಗೆ ಹೆಸರಿದೆಯಾ?

ಲೆಕ್ಕದ ಮೇಷ್ಟ್ರು
ಇದೆ. ಮಾತೃಕೃಪಾ. ಯಾಕೆ?

ಘಾಟಿ ಗೆಳತಿ
ಡೋರ್ ನಂಬರ್ ಇರಲಿಲ್ವಾ?

ಲೆಕ್ಕದ ಮೇಷ್ಟ್ರು
ಮನೆಯ ಬೆಲೆ ವರ್ಷ ವರ್ಷ ಏರುತ್ತದೆ ಮೇಡಂ. ಕಾರಿನದು ಇಳಿಯುತ್ತದೆ. ಏರೋದಕ್ಕೆ ಹೆಸರಿಡಿ, ಇಳಿಯೋದಕ್ಕೆ ಬೇಡ. ನನ್ನ ನಿಲುವು ಸ್ಪಷ್ಟವಾಗಿದೆ.

ಮಿಷಿಗನ್ ಮಾವ
ಮೇಷ್ಟ್ರೇ, ಈ ಲೆಕ್ಕದಲ್ಲಿ ಮೊದಲು ಹೆಸರಿಡಬೇಕಾದ್ದು ಚಿನ್ನದ ಬಳೆಗೆ.

ಹೊಸಬ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಕಷ್ಟದ ಪ್ರಶ್ನೆ. ಹತ್ತು ವರ್ಷದ ಕಾರು ಮಾರುತ್ತಿದ್ದೇನೆ. ಹಿಂದಿನ ಗಾಜಿನ ಮೇಲೆ "ಭೀಮ" ಅಂತ ದೊಡ್ಡದಾಗಿ ಸ್ಟಿಕ್ಕರ್ ಇದೆ. ಕೊಳ್ಳೋರು ಅದು ಹಾಗೇ ಇರಲಿ ಅನ್ನುತ್ತಿದ್ದಾರೆ. ಮನೆಯಲ್ಲಿ ಮಗಳು ಒಪ್ಪುತ್ತಿಲ್ಲ. ಕಾರು ಕೊಡಿ, ಹೆಸರು ಕೊಡಬೇಡಿ ಅಂತ ಹಟ. ಹೆಸರು ಯಾರಿಗೆ ಸೇರಬೇಕು?

ಕಡಲ ಮಗ
ನಮ್ಮಲ್ಲಿ ಬೋಟು ಕೈ ಬದಲಾದರೆ ಹೊಸ ಯಜಮಾನ ಹೆಚ್ಚಾಗಿ ಹೊಸ ಹೆಸರು ಬರೆಸುತ್ತಾನೆ, ಪೂಜೆ ಮಾಡಿಸುತ್ತಾನೆ. ಆದರೆ ಬಂದರಿನವರು ಬಿಡುವುದಿಲ್ಲ. ವರ್ಷಗಟ್ಟಲೆ ಹಳೇ ಹೆಸರಲ್ಲೇ ಕರೆಯುತ್ತಾರೆ. ಬಸ್ಸೂ ಹಾಗೆಯೇ, ಬಣ್ಣ ಬದಲಾದರೂ ಅಜ್ಜಿಗೆ ಅದು ಗಣೇಶನೇ. ಮಗಳು ಹೇಳಿದ್ದು ಸರಿ ಅಂತ ನನಗೆ ಕಾಣುತ್ತದೆ.

ಹೈವೇ ರಾಜ
ಲಾರಿಯಲ್ಲಿ ಉಲ್ಟಾ. ಸೆಕೆಂಡ್ ಹ್ಯಾಂಡ್ ಲಾರಿ ತಮಿಳುನಾಡಿನಿಂದ ತಂದರೆ ಹಣೆ ಮೇಲೆ ತಮಿಳಿನಲ್ಲಿ ಮುರುಗನ ಹೆಸರಿರುತ್ತದೆ. ಯಾರೂ ಅಳಿಸಲ್ಲ. ದೇವರ ಹೆಸರು ಅಳಿಸೋಕೆ ಭಯ. ಪಕ್ಕದಲ್ಲಿ ನಮ್ಮ ದೇವರನ್ನೂ ಬರೆಸುತ್ತೇವೆ, ಇಬ್ಬರೂ ಸೇರಿ ಕಾಪಾಡಲಿ ಅಂತ. ಭೀಮ ದೇವರಲ್ಲ, ತೆಗೆಯಬಹುದು.

ಲೆಕ್ಕದ ಮೇಷ್ಟ್ರು
ಸ್ಟಿಕ್ಕರಿಗೆ ಅಂತ ಜಾಸ್ತಿ ದುಡ್ಡು ಕೊಡುತ್ತಾರಾ ಕೇಳಿ. ಕೊಟ್ಟರೆ ಇರಲಿ, ಇಲ್ಲದಿದ್ದರೆ ತೆಗೆಯಿರಿ. ಇನ್ನೊಂದು, ನಂಬರ್ ಪ್ಲೇಟಿನ ಮೇಲೂ ಭೀಮ ಇದ್ದರೆ ಮೊದಲು ಅದನ್ನ ತೆಗೆಯಿರಿ. ಪ್ಲೇಟಿನ ಮೇಲೆ ನಂಬರ್ ಬಿಟ್ಟು ಹೆಸರು ಬರೆಯೋ ಹಾಗಿಲ್ಲ, ದಂಡ ಬೀಳುತ್ತದೆ.

ಹೊಸಬ
ಪ್ಲೇಟಿನ ಮೇಲೆ ಇಲ್ಲ ಸರ್. ಗಾಜಿನ ಮೇಲೆ ಮಾತ್ರ. ತೆಗೆಯೋಣ ಅಂತ ತೀರ್ಮಾನ ಆಯಿತು. ಉಗುರಿನಲ್ಲಿ ಕೆರೆದರೆ ಚೂರು ಚೂರಾಗಿ ಬರುತ್ತಿದೆ, ಗಮ್ಮು ಅಲ್ಲೇ ಉಳಿಯುತ್ತಿದೆ. ಬ್ಲೇಡ್ ಹಾಕಲಾ?

ಗ್ರೀಸ್ ಕೈ
ಸ್ಟಿಕ್ಕರ್ ಗಾಜಿನ ಒಳಗಡೆ ಇದ್ದರೆ ಬ್ಲೇಡ್ ಮುಟ್ಟಿಸಲೇಬೇಡಿ. ಹಿಂದಿನ ಗಾಜಿನಲ್ಲಿ ಅಡ್ಡಕ್ಕೆ ಸಣ್ಣ ಗೆರೆ ಇವೆಯಲ್ಲ, ಅವು ಗಾಜಿನ ಮೇಲಿನ ಮಂಜು ಬಿಡಿಸೋ ಡಿಫಾಗರ್ ಗೆರೆ. ಒಂದು ಕಡೆ ಕೆರೆದು ಹೋದರೆ ಮಳೆಗಾಲದಲ್ಲಿ ಆ ಗೆರೆ ಕೆಲಸ ಮಾಡಲ್ಲ. ಹೊರಗಡೆ ಇದ್ದರೂ ಅವಸರ ಬೇಡ. ಮನೆಯಲ್ಲಿ ಕೂದಲು ಒಣಗಿಸೋ ಡ್ರೈಯರ್ ಇದ್ದರೆ ಸ್ವಲ್ಪ ದೂರದಿಂದ ಬಿಸಿ ಹಿಡಿಯಿರಿ. ಅಂಟು ಮೆತ್ತಗಾದ ಮೇಲೆ ಮೂಲೆಯಿಂದ ನಿಧಾನಕ್ಕೆ ಎಳೆದರೆ ಭೀಮ ಇಡಿಯಾಗಿ ಬರುತ್ತಾನೆ. ಉಳಿದ ಗಮ್ಮನ್ನ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪಿನ ನೀರು. ಪೇಂಟಿಗೆ, ರಬ್ಬರ್ ಬೀಡಿಂಗಿಗೆ ಎಣ್ಣೆ ತಾಗದ ಹಾಗೆ ನೋಡಿಕೊಳ್ಳಿ.

ಹೊಸಬ
ಇಡಿಯಾಗಿ ಬಂತು ಅಣ್ಣ. ಮಗಳು ತನ್ನ ಸೈಕಲ್ಲಿಗೆ ಅಂಟಿಸಬೇಕಂತೆ. ಅಂಟು ಪೂರ್ತಿ ಹೋಗಿದೆ, ಫೆವಿಕಾಲ್ ಹಾಕಿದರೆ ನಿಲ್ಲುತ್ತಾ?

ಗ್ರೀಸ್ ಕೈ
ಮಳೆಗೆ ನಿಲ್ಲಲ್ಲ. ಡಬಲ್ ಸೈಡ್ ಟೇಪ್ ತಗೊಳ್ಳಿ.